ದ್ವೀಪದ ಸರದಿ

ಹವಾಮಾನ ಬದಲಾವಣೆಯ ಅಂತಾರಾಷ್ಟ್ರೀಯ ಸಮ್ಮೇಳನವೊಂದು ಮೂಡುಬಿದಿರೆಯ ಹತ್ತಿರ ನಡೆದು, ಅಲ್ಲೇ ಕೆಟ್ಟುಹೋಯಿತು. ಸಮ್ಮೇಳನ ಅಂದರೆ ಅಣಕು ಸಮ್ಮೇಳನ. ಕಾಲೇಜಿನ ಮಕ್ಕಳೇ ದೇಶಗಳು, ನಮ್ಮ ಸಭಾಂಗಣವೇ ಲೋಕ. ನಾನು ಅಲ್ಲಿ ರಾಜ್ಯಶಾಸ್ತ್ರ ಕಲಿಸುತ್ತಿದ್ದೆ. ಹೊಸ ಶತಮಾನ ಶುರುವಾಗಿ ಹೆಚ್ಚು ಕಾಲ ಆಗಿರಲಿಲ್ಲ. ದೆಹಲಿಯ ಒಂದು ಸಂಸ್ಥೆ ಊರೂರುಗಳಲ್ಲಿ ಇಂಥ ಅಧಿವೇಶನ ನಡೆಸಿ, ಪ್ರತಿ ಕಡೆಯಿಂದ ಒಬ್ಬರನ್ನು ಆರಿಸುತ್ತಿತ್ತು. ಆಯ್ಕೆಯಾದವರಿಗೆ ದೆಹಲಿಯಲ್ಲಿ ಎಂ.ಎ. ಓದು, ಹಾಸ್ಟೆಲು, ಊಟ ಎಲ್ಲವೂ ಸಂಸ್ಥೆಯದು.

ನಮ್ಮ ಪ್ರಾಂಶುಪಾಲರು ಫೈಲನ್ನು ನನ್ನ ಮೇಜಿನ ಮೇಲೆ ಇಟ್ಟು, "ನಿಯಮ ಗಿಯಮ ಅಂತ ಯಾವಾಗಲೂ ನೀವೇ ಹೇಳುದಲ್ವಾ ಮೇಡಂ, ಇದನ್ನು ನೀವೇ ಮಾಡಿ" ಎಂದು ಹೊರಟುಹೋದರು. ಹಾಗೆ ನಾನು ಸಮ್ಮೇಳನದ ಕಾರ್ಯದರ್ಶಿಯಾದೆ. ಬಂಟ್ವಾಳ, ಬೆಳ್ತಂಗಡಿ, ಮೂಡುಬಿದಿರೆಯ ಕಾಲೇಜುಗಳಿಂದ ಮಕ್ಕಳು ಬಂದರು. ಚೀಟಿ ಎತ್ತಿ ದೇಶಗಳನ್ನು ಹಂಚಿದೆವು. ನಿಯಮಗಳನ್ನು ನಾನೇ ಕನ್ನಡಕ್ಕೆ ತಂದು, ತರಬೇತಿಗೆ ಬಂದವರ ತಲೆಗೆ ಕುಟ್ಟಿ ಕುಟ್ಟಿ ಇಳಿಸಿದೆ.

ಮುಖ್ಯವಾದ ನಿಯಮಗಳು ಬೆರಳೆಣಿಕೆಯವು. ಮೊದಲು ಕಾರ್ಯಸೂಚಿಗೆ ಒಪ್ಪಿಗೆ ಸಿಗಬೇಕು. ಅಲ್ಲಿಯವರೆಗೆ ಯಾವ ವಿಷಯದ ಮೇಲೂ ಯಾರೂ ಮಾತಾಡುವಂತಿಲ್ಲ; ಸೂಚಿಯಿಂದ ತಡೆಹಿಡಿದ ಅಂಶದ ಮೇಲೆ ಆಮೇಲೂ ಇಲ್ಲ. ಒಪ್ಪಿಗೆ ಎಂದರೆ ಎಲ್ಲರ ಒಪ್ಪಿಗೆ. ವಿಶ್ವಸಂಸ್ಥೆಯ ನಿಜವಾದ ಸಮ್ಮೇಳನದಲ್ಲೇ ಮತ ಹಾಕುವ ನಿಯಮಕ್ಕೆ ಇನ್ನೂ ಎಲ್ಲರೂ ಒಪ್ಪಿಲ್ಲ; ಆದ್ದರಿಂದ ಒಬ್ಬ 'ಆಗದು' ಎಂದರೆ ಉಳಿದ ಲೋಕವೆಲ್ಲ ಕಾಯುತ್ತಾ ಕೂರಬೇಕು. ಮಾತು ಬೇಕಾದವರು ತಮ್ಮ ದೇಶದ ಹೆಸರಿನ ಫಲಕವನ್ನು ನೆಟ್ಟಗೆ ನಿಲ್ಲಿಸಬೇಕು. ಸಭೆ ನಿಯಮ ತಪ್ಪಿದೆ ಅನ್ನಿಸಿದರೆ 'ಕ್ರಮಲೋಪ' ಎಂದು ಎದ್ದು ನಿಲ್ಲಬಹುದು. ಹಾಗೆ ಎದ್ದವರಿಗೆ ಸರದಿ ಇಲ್ಲ, ಅವರ ಮಾತೇ ಮೊದಲು. ಆದರೆ ಆ ನೆಪದಲ್ಲಿ ವಿಷಯದ ಚರ್ಚೆ ಎತ್ತಕೂಡದು.

ಕೊನೆಯ ಈ ಮಾತನ್ನು ಎರಡೆರಡು ಸಲ ಕೇಳಿ ತಿಳಿದುಕೊಂಡವಳು ಒಬ್ಬಳೇ. ಬಂಟ್ವಾಳ ತಾಲೂಕಿನ ಕನ್ಯಾನದಿಂದ ಬಂದ ಹುಡುಗಿ, ಬಿ.ಎ. ಕೊನೆಯ ವರ್ಷ. ಅವಳಿಗೆ ಚೀಟಿಯಲ್ಲಿ ಬಂದದ್ದು ಶಾಂತಸಾಗರದ ಒಂದು ಪುಟ್ಟ ದ್ವೀಪ. ಭೂಪಟದಲ್ಲಿ ಹುಡುಕಲು ನನಗೇ ಕನ್ನಡಕ ಬೇಕಾಯಿತು.

"ಮೇಡಂ, ಕ್ರಮಲೋಪ ಅಂತ ಎದ್ದು ಯಾರಾದ್ರೂ ವಿಷಯವೇ ಮಾತಾಡಿದ್ರೆ ಎಂಥ ಆಗ್ತದೆ?" ಎಂದು ಕೇಳಿದಳು.

"ಅಧ್ಯಕ್ಷರು ಕೂರಿಸ್ತಾರೆ."

"ಖಂಡಿತಾ?"

"ಖಂಡಿತ. ಮತ್ತೆ ನಿಯಮ ಇರುದು ಯಾಕೆ?"

ಅವಳ ಮನೆಯಲ್ಲಿ ತಾಯಿ, ಅಕ್ಕ, ಅವಳು ಮೂವರೂ ಬೀಡಿ ಕಟ್ಟುವವರು. ತರಬೇತಿಗೆ ಬಂದಾಗಲೂ ಬೆರಳ ತುದಿಯಲ್ಲಿ ತಂಬಾಕಿನ ವಾಸನೆ ಇರುತ್ತಿತ್ತು, ಅದಕ್ಕವಳು ನಾಚುತ್ತಿರಲಿಲ್ಲ. ಒಂದು ದಿನ ತಾನಾಗಿಯೇ ಹೇಳಿದಳು: "ಇದು ಸಿಕ್ಕದಿದ್ರೆ ಮತ್ತೆ ನಂಗೆ ಓದ್ಲಿಕ್ಕಿಲ್ಲ ಮೇಡಂ. ಮನೆಯವರು ಬೇಡ ಅಂತ ಹೇಳುದಿಲ್ಲ. ಆಗ್ಲಿಕ್ಕಿಲ್ಲ ಅಂತ ಅವರಿಗೂ ಗೊತ್ತುಂಟು, ನಂಗೂ ಗೊತ್ತುಂಟು." ಅಳುಮುಖ ಮಾಡಲಿಲ್ಲ. ಹೇಳಿ ಮುಗಿಸಿ, ಕಡಲೇರುವುದರ ಬಗ್ಗೆ ತಾನು ಬರೆದ ಭಾಷಣವನ್ನು ತಿದ್ದಲು ಕೊಟ್ಟಳು. ನಾನು ಕೆಂಪು ಪೆನ್ನು ತೆಗೆದೆ, ಓದಿದೆ, ಪೆನ್ನನ್ನು ಹಾಗೆಯೇ ಮುಚ್ಚಿಟ್ಟೆ. ಅಷ್ಟು ಒಳ್ಳೆಯದಿತ್ತು ಅದು.

ಅಧ್ಯಕ್ಷರಾಗಿ ಬಂದವರು ಬಂಟ್ವಾಳದ ಹಿರಿಯ ವಕೀಲರು, ಕರಾವಳಿಯ ಬ್ಯಾರಿ ಮುಸ್ಲಿಂ ಮನೆತನದವರು. ಕೋರ್ಟಿನಲ್ಲಿ ಎಷ್ಟು ಹೆಸರೋ ತಾಳಮದ್ದಳೆಯಲ್ಲಿ ಅದಕ್ಕಿಂತ ಹೆಚ್ಚು ಹೆಸರು. ವೇಷವಿಲ್ಲ, ಕುಣಿತವಿಲ್ಲ, ಕುಳಿತು ಬರೀ ಮಾತಿನಲ್ಲಿ ಪ್ರಸಂಗ ನಡೆಸುವ ಆ ಆಟದಲ್ಲಿ ಅರ್ಥ ಹೇಳಲು, ಅಂದರೆ ಪಾತ್ರವಾಗಿ ಮಾತಾಡಲು, ಅವರನ್ನು ಕಾರು ಕಳಿಸಿ ಕರೆಸಿಕೊಳ್ಳುತ್ತಿದ್ದರು. ಅಂಥ ಕನ್ನಡ, ಅಂಥ ಗಂಟಲು. ನಿಯಮ ಬಲ್ಲ ವಕೀಲರು ಸಿಕ್ಕಿದರೆಂದು ನಾನು ಹಿಗ್ಗಿದ್ದೇ ಹಿಗ್ಗಿದ್ದು. ಆದರೆ ತಾಳಮದ್ದಳೆಗೂ ಒಂದು ನಿಯಮ ಉಂಟು. ಎದುರಾಳಿ ಎತ್ತಿದ ಪ್ರಶ್ನೆಗೆ ಉತ್ತರ ಹೇಳದೆ ಮುಂದೆ ಹೋದವನು ಸೋತ ಹಾಗೆ. ಹಾಡಿ ಆಟ ನಡೆಸುವ ಭಾಗವತರು ಮುಂದಿನ ಪದ ಎತ್ತಿದ ಮೇಲೆಯೇ ವಾದ ನಿಲ್ಲುವುದು. ಈ ಭಾಗದಲ್ಲಿ ಅದು ಮಕ್ಕಳಿಗೂ ರಕ್ತದಲ್ಲಿ ಬಂದಿದೆ. ನನ್ನ ಅಣಕು ಲೋಕಕ್ಕೆ ಭಾಗವತರನ್ನು ನಾನು ಗೊತ್ತುಮಾಡಿರಲಿಲ್ಲ.

ಸಮ್ಮೇಳನದ ದಿನ ಬೆಳಗ್ಗೆ ಅಧ್ಯಕ್ಷರು ಮರದ ಕೊಡತಿಯನ್ನು ಕೈಗೆತ್ತಿಕೊಂಡು ಕರಡು ಕಾರ್ಯಸೂಚಿಯನ್ನು ಓದಿದರು. "ಆಕ್ಷೇಪಗಳಿಲ್ಲವಾದರೆ..." ಎನ್ನುವಾಗಲೇ ಕೊಡತಿ ಅರ್ಧ ಇಳಿದಿತ್ತು. ಬಹಳ ದಿನ ನನ್ನ ಕಣ್ಣಿಗೆ ಕಟ್ಟಿದ್ದು ಅದೇ, ಅರ್ಧಕ್ಕೆ ನಿಂತ ಆ ಕೈ.

"ಕ್ರಮಲೋಪ, ಅಧ್ಯಕ್ಷರೇ!"

ಎದ್ದವನು ಬೆಳ್ತಂಗಡಿಯ ಹುಡುಗ, ಮುಂಡಾಜೆ ಕಡೆಯ ಮೇಷ್ಟರ ಮಗ. ಅವನದು ಎಣ್ಣೆ ಮಾರುವ ಒಂದು ಮರಳುಗಾಡಿನ ದೇಶ. ಹೈಸ್ಕೂಲಿನಿಂದಲೇ ತಾಳಮದ್ದಳೆಯಲ್ಲಿ ಪಳಗಿದವನು ಎಂದು ಆಮೇಲೆ ತಿಳಿಯಿತು. ಬಾಯಿ ತೆರೆದಾಗಲೇ ತಿಳಿಯಿತು ಎಂದರೂ ನಡೆಯುತ್ತದೆ.

"ಕಾರ್ಯಸೂಚಿಯ ಐದನೆಯ ಅಂಶ, ಕಡಲೇರುವುದರಿಂದ ದ್ವೀಪಗಳಿಗೆ ಆಗುವ ನಷ್ಟ. ಲೋಕವೆಲ್ಲ ಎಣ್ಣೆ ಕೊಳ್ಳುವುದನ್ನು ನಿಲ್ಲಿಸಿದರೆ ನಮಗಾಗುವ ನಷ್ಟ ಎಷ್ಟನೆಯ ಅಂಶದಲ್ಲಿದೆ? ಉಪ್ಪುನೀರಿನಲ್ಲಿ ಮುಳುಗಿದವನದು ಮಾತ್ರವೇ ಸಾವೋ? ಮರಳಿನಲ್ಲಿ ಬಾಯಾರಿ ಬಿದ್ದವನದು ನಿದ್ರೆಯೋ? ಎರಡನ್ನೂ ಒಂದೇ ಅಂಶವಾಗಿ ಸೇರಿಸುವವರೆಗೆ ಈ ಕಾರ್ಯಸೂಚಿಗೆ ನನ್ನ ದೇಶದ ಒಪ್ಪಿಗೆಯಿಲ್ಲ."

ಸಭೆ ಚಪ್ಪಾಳೆ ತಟ್ಟಿತು. ನಿಜ ಹೇಳಬೇಕೆಂದರೆ ಎಣ್ಣೆ ದೇಶಗಳು ನಿಜವಾದ ಸಮ್ಮೇಳನದಲ್ಲಿ ಹೂಡುವ ವಾದವೂ ಇದೇ. ಹುಡುಗ ಓದಿಕೊಂಡು ಬಂದಿದ್ದ. ಆದರೆ ಅವನು ಆಡಿದ್ದು ಕ್ರಮದ ಮಾತಲ್ಲ, ಅಪ್ಪಟ ವಿಷಯದ ಮಾತು. ಅಧ್ಯಕ್ಷರು ಅಲ್ಲೇ ಕೂರಿಸಬೇಕಿತ್ತು. ಅವರ ಕಣ್ಣು ಆಗಲೇ ಮಿನುಗುತ್ತಿತ್ತು.

ಯುರೋಪಿನ ಪ್ರತಿನಿಧಿ, ಮೂಡುಬಿದಿರೆಯ ಹುಡುಗ, ತಡೆದುಕೊಳ್ಳಲಾರದೆ ಎದ್ದ. "ಕ್ರಮಲೋಪ! ಮರಳಿನಲ್ಲಿ ಬಿದ್ದವನಿಗೆ ಬೀಳುವುದಕ್ಕಾದರೂ ನೆಲವಿದೆ. ಮುಳುಗುವವನಿಗೆ ಅದೂ ಇಲ್ಲ. ಎರಡೂ ಒಂದೇ ಎನ್ನುವ ಮಾತು ನಾಲಗೆಗೆ ಹೇಗೆ ಬಂತು?"

ಮತ್ತೆ ಚಪ್ಪಾಳೆ.

"ಕ್ರಮಲೋಪ! ನೆಲವಿಲ್ಲದವನ ಮೇಲೆ ಇಷ್ಟು ಮರುಕವಿರುವ ತಮ್ಮಲ್ಲಿ ನೆಲಕ್ಕೇನೂ ಬರವಿಲ್ಲವಲ್ಲ. ಕಣ್ಣೀರಿನ ಬದಲು ಒಂದು ಊರು ಕೊಡಿ, ನನ್ನ ಆಕ್ಷೇಪವನ್ನು ಈಗಲೇ ಹಿಂದಕ್ಕೆ ಪಡೆಯುತ್ತೇನೆ!"

ಆಹಾ ಎಂದರು ಅಧ್ಯಕ್ಷರು. ಮೈಕಿಗೇ ಹೇಳಿದರು.

ನಾನು ಅವರ ಕಡೆ ಬಾಗಿದೆ. "ಸರ್, ಇವರು ಆಡ್ತಾ ಇರುದು ವಿಷಯದ ಮಾತು. ಕೂರಿಸಿ."

"ಸ್ವಲ್ಪ ತಡೀರಿ ಮೇಡಂ. ಈ ಪ್ರಶ್ನೆಗೆ ಅವನು ಉತ್ತರ ಕೊಡ್ಬೇಡ್ವಾ? ಅರ್ಧದಲ್ಲಿ ನಿಲ್ಲಿಸಿದ್ರೆ ಹುಡುಗನಿಗೆ ಅವಮಾನ."

"ಸರ್, ಇದು ತಾಳಮದ್ದಳೆ ಅಲ್ಲ."

"ಅಲ್ಲ, ಅಲ್ಲ," ಎಂದರು. "ಆದ್ರೆ ಹಿಡಿತ ನೋಡಿ ಮಾರಾಯ್ರೆ ಹುಡುಗನದ್ದು!"

ಅಮೆರಿಕ ಎದ್ದಿತು, ಚೀನಾ ಎದ್ದಿತು, ಭಾರತವಂತೂ ಎದ್ದದ್ದು ಕೂರಲೇ ಇಲ್ಲ. ಮಾತು ಬಲ್ಲವನಿಗೆ ಜಗಳವಿಲ್ಲ ಎಂಬ ಗಾದೆಯನ್ನು ಯಾರು ಕಟ್ಟಿದರೋ, ಅವರು ನಮ್ಮ ಜಿಲ್ಲೆಗೆ ಬಂದವರಲ್ಲ. ಕಾರ್ಯಸೂಚಿ ಎಲ್ಲಿತ್ತೋ ಅಲ್ಲೇ ಉಳಿಯಿತು. ಹಿಂದಿನ ಸಾಲಿನಲ್ಲಿ ಒಂದು ಫಲಕ ಮೊದಲಿನಿಂದಲೂ ನೆಟ್ಟಗೆ ನಿಂತಿತ್ತು, ಕನ್ಯಾನದ ಹುಡುಗಿಯದು. ಅವಳೂ ಕ್ರಮಲೋಪ ಎಂದು ಕೂಗಿ ಮಧ್ಯೆ ನುಗ್ಗಬಹುದಿತ್ತು. ನುಗ್ಗಲಿಲ್ಲ. ನಾನು ನಿಯಮ ಹೇಳಿಕೊಟ್ಟಿದ್ದೆ, ಅವಳು ಪಾಲಿಸುತ್ತಿದ್ದಳು. ಆಗಾಗ ನನ್ನ ಕಡೆ ನೋಡುತ್ತಿದ್ದಳು, ಅಧ್ಯಕ್ಷರು ಇನ್ನೂ ಯಾಕೆ ಕೂರಿಸಲಿಲ್ಲ ಎಂದು ಕೇಳುವ ಹಾಗೆ.

ಅಂಕ ಹಾಕಲು ಬೆಂಗಳೂರಿನಿಂದ ಬಂದಿದ್ದ ತೀರ್ಪುಗಾರರು ಮೊದಲ ಸಾಲಿನಲ್ಲಿ ಕುಳಿತು ಬರೆದುಕೊಳ್ಳುತ್ತಿದ್ದರು. ಎಣ್ಣೆ ದೇಶ ಎದ್ದಾಗಲೆಲ್ಲ ಅವರ ಪೆನ್ನು ಓಡುತ್ತಿತ್ತು.

ಊಟದ ಸಾಲಿನಲ್ಲಿ ಎಣ್ಣೆ ದೇಶದ ಹುಡುಗ ತಟ್ಟೆ ಹಿಡಿದು ಅವಳ ಹಿಂದೆಯೇ ನಿಂತಿದ್ದ. "ನಿಂಗೆ ಬೇಜಾರಿಲ್ಲ ಅಲ್ವಾ?" ಎಂದು ಕೇಳಿದ. "ನಾನು ದೇಶದ ಪರ ಮಾತಾಡುದು ಅಷ್ಟೆ."

"ಬೇಜಾರು ಎಂಥದ್ದು? ಆಕ್ಷೇಪ ಹಿಂದೆ ತಗೊಳ್ತೀಯಾ?"

ಅವನು ನಕ್ಕ. "ಅದು ಹೇಗೆ ಆಗ್ತದೆ? ನನ್ನ ಪ್ರಶ್ನೆಗೆ ಅವರು ಉತ್ತರವೇ ಕೊಡ್ಲಿಲ್ಲ ಅಲ್ವಾ!" ಹೇಳಿ ಸೌಟಿನಿಂದ ಅವಳ ತಟ್ಟೆಗೆ ಮೊದಲು ಸಾರು ಬಡಿಸಿದ. ಕೆಟ್ಟ ಹುಡುಗನಲ್ಲ. ಕೆಟ್ಟವನಾಗಿದ್ದರೆ ನನಗೆ ಬೈಯಲು ಸುಲಭವಾಗುತ್ತಿತ್ತು. ಬೆಕ್ಕಿಗೆ ಚೆಲ್ಲಾಟ, ಇಲಿಗೆ ಪ್ರಾಣಸಂಕಟ ಎನ್ನುತ್ತೇವಲ್ಲ, ಆ ಬೆಕ್ಕಿಗೂ ಇಲಿಯ ಮೇಲೆ ದ್ವೇಷವೇನೂ ಇರುವುದಿಲ್ಲ.

ಮಧ್ಯಾಹ್ನವೂ ಅದೇ ಕಥೆ. ಮೊದಲು ಚಪ್ಪಾಳೆ ತಟ್ಟಿದವರಿಗೆ ನಿಧಾನವಾಗಿ ಭಯ ಹತ್ತಿತು. ಒಬ್ಬೊಬ್ಬರ ಕೈಯಲ್ಲೂ ಬರೆದು ತಂದ ಭಾಷಣವಿತ್ತು. ಕಾರ್ಯಸೂಚಿಗೆ ಒಪ್ಪಿಗೆಯಾಗದೆ ಭಾಷಣವಿಲ್ಲ, ಭಾಷಣವಿಲ್ಲದೆ ಅಂಕವಿಲ್ಲ. ತೀರ್ಪುಗಾರರಿಗೆ ಸಂಜೆ ಬೆಂಗಳೂರಿನ ಬಸ್ಸು ಹಿಡಿಯಬೇಕಿತ್ತು. ಆಗ ಅಧ್ಯಕ್ಷರಿಗೆ ತಾವು ವಕೀಲರೆಂಬುದು ನೆನಪಾಯಿತು. ಸಭೆಯನ್ನು ಸ್ವಲ್ಪ ನಿಲ್ಲಿಸಿ, ಎಲ್ಲರನ್ನೂ ವೇದಿಕೆಯ ಕೆಳಗೆ ಕರೆದು ರಾಜಿಸೂತ್ರ ಹೇಳಿದರು.

"ಐದನೇ ಅಂಶ, ಇವನ ಬೇಡಿಕೆ, ಎರಡನ್ನೂ ತಡೆಹಿಡಿಯುವ. ಉಳಿದದ್ದಕ್ಕೆ ಒಪ್ಪಿಗೆ ಕೊಟ್ಟು ಮುಂದೆ ಹೋಗುವ. ಆಗದಾ?"

ಎಣ್ಣೆ ದೇಶ ಕೂಡಲೇ ಒಪ್ಪಿತು. ಅದಕ್ಕೆ ಬೇಕಾಗಿದ್ದೇ ಅದು. ಉಳಿದ ದೇಶಗಳೂ ಒಪ್ಪಿದವು. ಒಪ್ಪಬೇಕಾದವಳು ಒಬ್ಬಳೇ ಉಳಿದಳು. ಬೆಳಗ್ಗಿನಿಂದ ಅವಳ ಕಡೆ ತಿರುಗಿಯೂ ನೋಡದ ಲೋಕ ಈಗ ಅವಳನ್ನು ಸುತ್ತುವರಿಯಿತು. ಅವಳ ಪರವಾಗಿ ಅಷ್ಟು ಹೊತ್ತು ಗಂಟಲು ಹರಿದುಕೊಂಡ ಯುರೋಪು, "ನಿನ್ನ ಒಬ್ಬಳಿಂದ ಎಲ್ಲರಿಗೂ ಹಾಳಾಗ್ತದೆ, ಗೊತ್ತುಂಟಾ?" ಎಂದಿತು. ಪಕ್ಕದ ದ್ವೀಪದ ಚೀಟಿ ಎತ್ತಿದ್ದ ಅವಳ ಕಾಲೇಜಿನದೇ ಗೆಳತಿ ಕೈಹಿಡಿದು ಎಳೆದಳು. "ಬಿಡು ಮಾರಾಯ್ತಿ. ನಿಜವಾದ ದ್ವೀಪವಾ ಅದು? ಆಟ ಅಲ್ವಾ?"

ಅಧ್ಯಕ್ಷರು ನನ್ನನ್ನು ಬದಿಗೆ ಕರೆದರು. "ನೀವು ಒಂದು ಮಾತು ಹೇಳಿ ಮೇಡಂ. ನೀವು ಹೇಳಿದ್ರೆ ಕೇಳ್ತಾಳೆ."

"ನಾನು ಹೇಳುದಿಲ್ಲ. ಅವಳ ದೇಶ, ಅವಳ ತೀರ್ಮಾನ. ಬೆಳಿಗ್ಗೆ ಒಂದು ಸಲ ಕೊಡತಿ ಬಡಿದಿದ್ರೆ ಈ ರಗಳೆಯೇ ಇರ್ಲಿಲ್ಲ."

ಅವರಿಗೆ ಸಿಟ್ಟು ಬರಲಿಲ್ಲ. ಮಕ್ಕಳು ಏನೋ ಅಂದರು ಎಂಬಂತೆ ನನ್ನ ಕಡೆ ನೋಡಿ ನಕ್ಕರು. ನನಗೆ ಬಂದ ಸಿಟ್ಟನ್ನು ನಾನು ನುಂಗಿದೆ.

ಅವಳೇ ಗುಂಪಿನಿಂದ ಹೊರಬಂದು ನನ್ನ ಹತ್ತಿರ ನಿಂತಳು. "ಮೇಡಂ, ತಡೆಹಿಡಿದ ಅಂಶವನ್ನು ಮತ್ತೆ ತೆಗೀತಾರಾ?"

ಸುಳ್ಳು ಹೇಳಲು ಮನಸ್ಸಾಗಲಿಲ್ಲ. "ನಿಜವಾದ ಸಮ್ಮೇಳನದಲ್ಲಿ ವರ್ಷಗಟ್ಟಲೆ ಹಾಗೇ ಬಿದ್ದಿರುವ ಅಂಶ ಉಂಟು. ಬಿಸಾಡುದೂ ಇಲ್ಲ, ಚರ್ಚೆಗೆ ತರುದೂ ಇಲ್ಲ."

ಗೆಳತಿ ಅಳುವುದರಲ್ಲಿದ್ದಳು, ಅವಳ ಕೈಯಲ್ಲಿಯೂ ಭಾಷಣವಿತ್ತು, ಕಾಡಿನ ಬಗ್ಗೆ.

"ಇರ್ಲಿ ಮೇಡಂ," ಎಂದಳು ಕನ್ಯಾನದ ಹುಡುಗಿ. "ಮೊದಲು ಎಲ್ಲರಿಗೂ ಎರಡೆರಡು ನಿಮಿಷ ಸಾಮಾನ್ಯ ಹೇಳಿಕೆ ಉಂಟಲ್ವಾ, ಅದರಲ್ಲಿ ಹೇಳ್ತೇನೆ. ಅವರೂ ಮಾತಾಡ್ಲಿ." ತಡೆಹಿಡಿದ ಅಂಶದ ಮಾತನ್ನು ಅಲ್ಲೂ ಆಡುವಂತಿಲ್ಲ ಎಂಬುದು ಆ ಗಡಿಬಿಡಿಯಲ್ಲಿ ನನಗೂ ಹೊಳೆಯಲಿಲ್ಲ.

ಕೊಡತಿ ಬಡಿಯಿತು, ಕಾರ್ಯಸೂಚಿಗೆ ಒಪ್ಪಿಗೆಯಾಯಿತು. ಎಲ್ಲರೂ ಅವಳಿಗೆ ಥ್ಯಾಂಕ್ಸ್ ಹೇಳಿ ತಮ್ಮ ತಮ್ಮ ಕುರ್ಚಿಗೆ ಓಡಿದರು. ಸಾಮಾನ್ಯ ಹೇಳಿಕೆಗಳು ಶುರುವಾದವು. ಭಾಷಣಗಳನ್ನು ಬಾಯಿಪಾಠ ಒಪ್ಪಿಸಿದಂತೆ ಗಡಿಬಿಡಿಯಲ್ಲಿ ಒಪ್ಪಿಸಿದರು. ಕೊನೆಗೂ ದ್ವೀಪದ ಸರದಿ ಬಂತು. ಅವಳು ಎದ್ದು, ಗಂಟಲು ಸರಿಪಡಿಸಿಕೊಂಡು, ನಮ್ಮ ಕಡೆಯ ಆ ನಿಧಾನದ ಪುಸ್ತಕದ ಕನ್ನಡದಲ್ಲಿ ಆರಂಭಿಸಿದಳು.

"ಮಾನ್ಯ ಅಧ್ಯಕ್ಷರೇ, ನನ್ನ ದೇಶದಲ್ಲಿ ಅತಿ ಎತ್ತರದ ಜಾಗವೆಂದರೆ ಒಂದು ತೆಂಗಿನ ಮರದ ಬುಡ. ಕಡಲು ಇನ್ನೊಂದಿಷ್ಟು ಏರಿದರೆ..."

"ಕ್ರಮಲೋಪ, ಅಧ್ಯಕ್ಷರೇ!" ಎಣ್ಣೆ ದೇಶದ ಹುಡುಗ ಎದ್ದಿದ್ದ. ಅವನಿಗೆ ಆಟದ ಕಾವು ಇನ್ನೂ ಇಳಿದಿರಲಿಲ್ಲ. "ಕಡಲೇರುವ ಅಂಶವನ್ನು ಈಗತಾನೇ ತಡೆಹಿಡಿದಿದ್ದೇವೆ. ತಡೆಹಿಡಿದ ಅಂಶದ ಮೇಲೆ ಯಾರೂ ಮಾತಾಡುವಂತಿಲ್ಲ. ಕಾರ್ಯದರ್ಶಿಗಳೇ ನಮಗೆ ಕಲಿಸಿದ ನಿಯಮ."

ಆ ಇಡೀ ದಿನ ಎದ್ದ ಕ್ರಮಲೋಪಗಳಲ್ಲಿ ಸರಿಯಾದದ್ದು ಅದೊಂದೇ. ಅದರಲ್ಲಿ ವಿಷಯದ ಮಾತಿರಲಿಲ್ಲ, ಬರೀ ಕ್ರಮದ ಮಾತಿತ್ತು. ಅಧ್ಯಕ್ಷರು ನನ್ನ ಕಡೆ ತಿರುಗಿದರು. ಬೆಳಗ್ಗಿನಿಂದ ನಾನು ಕಾಡಿದ್ದು ಅವರಿಗೆ ನೆನಪಿತ್ತು. ಈ ಸಲ ಮೇಡಂಗೆ ಖುಷಿ ಮಾಡುವ ಎಂದು ಮುಖದಲ್ಲೇ ಬರೆದಿತ್ತು. "ನಿಯಮದ ಪ್ರಕಾರ ಇವನು ಹೇಳುದು ಸರಿ ಅಲ್ವಾ ಮೇಡಂ?"

ಸಭೆ ನನ್ನನ್ನು ನೋಡುತ್ತಿತ್ತು. ಅವಳೂ ನೋಡುತ್ತಿದ್ದಳು.

"ಸರಿ," ಎಂದೆ.

ಕೊಡತಿ ಬಡಿಯಿತು. ಆ ದಿನ ನಿಯಮಕ್ಕಾಗಿ ಕೊಡತಿ ಬಡಿದದ್ದು ಅದು ಮೊದಲು, ಕೊನೆಯೂ ಅದೇ. ಬೇರೆ ಏನಾದರೂ ಹೇಳುವುದಿದೆಯೇ ಎಂದು ಅಧ್ಯಕ್ಷರು ಕೇಳಿದರು. ಮುಳುಗುವ ದೇಶದವಳು ಬೇರೆ ಏನು ಹೇಳಬೇಕು? ತಲೆಯಾಡಿಸಿ ಕೂತಳು. ನಾನು ಇಂದಿಗೂ ಆ 'ಸರಿ'ಯನ್ನು ತಿರುಗಿಸಿ ಮುರುಗಿಸಿ ನೋಡುತ್ತೇನೆ. ಯಾವ ಕಡೆಯಿಂದ ನೋಡಿದರೂ ಅದು ಸರಿಯೇ. ಹೊಟ್ಟೆ ಉರಿಯುವುದೂ ಅದಕ್ಕೇ.

ತೀರ್ಪುಗಾರರು ಪಕ್ಕದ ಕೋಣೆಯಲ್ಲಿ ಅಂಕ ಕೂಡಿಸುವಾಗ ನಾನು ಕರೆಯದೆಯೇ ಒಳಗೆ ಹೋದೆ. ಆ ಹುಡುಗಿಯ ಬಗ್ಗೆ ಹೇಳಿದೆ. ಇಡೀ ಸಭೆಯಲ್ಲಿ ನಿಯಮ ಮುರಿಯದವಳು ಅವಳೊಬ್ಬಳೇ, ದಾರಿ ಬಿಟ್ಟುಕೊಟ್ಟವಳೂ ಅವಳೇ, ಅವಳ ಭಾಷಣ ನಾನು ಓದಿದ್ದೇನೆ ಎಂದೆ. ಅವರು ತಾಳ್ಮೆಯಿಂದಲೇ ಕೇಳಿಸಿಕೊಂಡರು.

"ನಿಯಮ ಪಾಲಿಸೋದಕ್ಕೆ ಅಂಕ ಇಟ್ಟಿಲ್ಲ ಮೇಡಂ. ಆ ಹುಡುಗಿ ಮಾತೇ ಆಡಲಿಲ್ಲ. ನಾನು ಯಾವುದಕ್ಕೆ ಹಾಕಲಿ? ಆ ಎಣ್ಣೆ ದೇಶದ ಹುಡುಗನ್ನ ನೋಡಿ. ನಿಜವಾದ ಸಮ್ಮೇಳನದಲ್ಲೂ ಹಿಂಗೇ ನಡೆಯೋದು. ಅದನ್ನ ಸರಿಯಾಗಿ ಅರ್ಥ ಮಾಡ್ಕೊಂಡೋನು ಅವನೊಬ್ಬನೇ."

"ಹಾಗಾದ್ರೆ ಅವಳೂ ಅರ್ಥ ಮಾಡಿಕೊಂಡಿದ್ದಾಳೆ ಸರ್. ನಿಜವಾದ ದ್ವೀಪಗಳಿಗೂ ಹೀಗೇ ಆಗುದು."

"ಅದು ಹೌದು," ಎಂದರು. ತುಸು ನಕ್ಕು, ಕಾಗದದ ಕೆಳಗೆ ಸಹಿ ಹಾಕಿದರು.

ಫಲಿತಾಂಶ ಹೇಳಿದರು. ಬೆಳ್ತಂಗಡಿಯ ಹುಡುಗನನ್ನು ಅವನ ಕಾಲೇಜಿನವರು ಎತ್ತಿ ಕುಣಿದರು. ನಾನು ಕನ್ಯಾನದವಳ ಕಡೆ ನೋಡುವ ಧೈರ್ಯ ಮಾಡಿದಾಗ ಅವಳೂ ಚಪ್ಪಾಳೆ ತಟ್ಟುತ್ತಿದ್ದಳು. ಅಧ್ಯಕ್ಷರಿಗೂ ಒಳಗೊಳಗೆ ಏನೋ ಚುಚ್ಚಿರಬೇಕು. ವಂದನಾರ್ಪಣೆ ಮಾಡಬೇಕಿದ್ದ ಉಪನ್ಯಾಸಕರನ್ನು ತಡೆದು, "ಆ ದ್ವೀಪದ ಹುಡುಗಿ ಮಾಡ್ಲಿ. ಪಾಪ, ಇಡೀ ದಿನ ಕೂತಿದ್ದಾಳೆ, ಒಂದು ಅವಕಾಶ ಕೊಡುವ" ಎಂದರು. ಮರುಕದಿಂದಲೇ ಹೇಳಿದರು. ಅದರಲ್ಲಿ ನನಗೆ ಸಂಶಯವಿಲ್ಲ.

ಅವಳು ವೇದಿಕೆ ಹತ್ತಿದಳು. ಅಧ್ಯಕ್ಷರಿಗೆ, ತೀರ್ಪುಗಾರರಿಗೆ, ಪ್ರಾಂಶುಪಾಲರಿಗೆ, ಅಡುಗೆಯವರಿಗೆ, ಮೈಕಿನವರಿಗೆ ವಂದನೆ ಹೇಳಿದಳು. ಯಾರನ್ನೂ ಬಿಡಲಿಲ್ಲ. ಆಮೇಲೆ ಮಡಚಿಟ್ಟಿದ್ದ ಭಾಷಣವನ್ನು ಬಿಡಿಸಿದಳು. ವಂದನಾರ್ಪಣೆಗೆ ಕ್ರಮಲೋಪ ಎತ್ತುವವರು ಯಾರೂ ಇಲ್ಲ. ತೀರ್ಪುಗಾರರು ಇನ್ನೂ ಕುರ್ಚಿಯಲ್ಲಿದ್ದರು. ಓದು ಮಗಳೇ, ಓದಿಬಿಡು ಎಂದು ಮನಸ್ಸಿನಲ್ಲೇ ಕೂಗಿದೆ.

"ಕೊನೆಯದಾಗಿ ನನ್ನ ದೇಶದ ಪರವಾಗಿ," ಎಂದಳು. "ನನ್ನ ದೇಶದಲ್ಲಿ ಅತಿ ಎತ್ತರದ ಜಾಗವೆಂದರೆ ಒಂದು ತೆಂಗಿನ ಮರದ ಬುಡ. ಅದರ ಮೇಲೆ ನಿಂತರೆ ನಾಲ್ಕೂ ಕಡೆ..."

ಹೊರಗೆ ಬೆಳ್ತಂಗಡಿಯವರನ್ನು ಕರೆದೊಯ್ಯುವ ಬಸ್ಸು ಹಾರ್ನ್ ಬಾರಿಸಿತು. ಹಿಂದಿನ ಸಾಲಿನಲ್ಲಿ ಕುರ್ಚಿಗಳು ಸರಿದವು. ತೀರ್ಪುಗಾರರು ಗಡಿಯಾರ ನೋಡಿಕೊಂಡು ಚೀಲ ಎತ್ತಿಕೊಂಡರು. ಅದನ್ನು ಕಂಡ ಅಧ್ಯಕ್ಷರು, ಅತಿಥಿಗೆ ಬಸ್ಸು ತಪ್ಪಬಾರದೆಂದು, ಇನ್ನೊಂದು ಮೈಕಿನ ಹತ್ತಿರ ಕಾಯುತ್ತಿದ್ದ ಹಾಡುವ ಹುಡುಗಿಯರಿಗೆ ಕೈಸನ್ನೆ ಮಾಡಿದರು. ಅವರು ರಾಷ್ಟ್ರಗೀತೆ ಎತ್ತಿದರು.

ಸಭೆ ಎದ್ದು ನಿಂತಿತು. ಅವಳು ಮಾತು ನಿಲ್ಲಿಸಿ, ಎರಡು ಕೈಗಳನ್ನೂ ಇಳಿಬಿಟ್ಟು, ಕಾಗದವನ್ನು ಬದಿಗೆ ಹಿಡಿದು ನೆಟ್ಟಗೆ ನಿಂತಳು. ಎಲ್ಲರ ಜೊತೆ ಹಾಡಿದಳು, ಒಂದು ಸಾಲೂ ಬಿಡದೆ. ರಾಷ್ಟ್ರಗೀತೆಯಾದ ಮೇಲೆ ಯಾರೂ ಭಾಷಣ ಮಾಡುವುದಿಲ್ಲ. ಅದಕ್ಕೆ ಯಾವ ನಿಯಮಪುಸ್ತಕವೂ ಬೇಡ. ಹಾಡು ಮುಗಿದದ್ದೇ ತಡ ಎಲ್ಲರೂ ಬಾಗಿಲಿಗೆ ನುಗ್ಗಿದರು. ಮೈಕಿನವರು ಬಂದು ಅವಳ ಮುಂದಿನ ವೈರನ್ನು ಸುತ್ತತೊಡಗಿದರು.

ಅಧ್ಯಕ್ಷರು ಶಾಲು, ಹಾರ, ಹಣ್ಣಿನ ಬುಟ್ಟಿ ಹಿಡಿದು ಮೆಟ್ಟಿಲಿಳಿಯುತ್ತಾ ಅವಳ ತಲೆ ನೇವರಿಸಿದರು. "ಭಾರೀ ಚಂದ ಆಯ್ತು ಮಗಳೇ. ವಂದನಾರ್ಪಣೆ ಅಂದ್ರೆ ಹಾಗೇ ಚುಟುಕಾಗಿರ್ಬೇಕು."

"ನಂದು ಮುಗಿದಿರ್ಲಿಲ್ಲ ಸರ್," ಎಂದಳು ಅವಳು.

ಅಷ್ಟರಲ್ಲಿ ಅವರು ಕಾರಿನ ಹತ್ತಿರ ಹೋಗಿ, ಬೆಳ್ತಂಗಡಿಯ ಹುಡುಗನ ಹೆಗಲ ಮೇಲೆ ಕೈಹಾಕಿ ಮಾತಾಡುತ್ತಿದ್ದರು.